ಹೊಸಿಲು ದಾಟುವ ಅಧ್ಯಾಯ

ನಮ್ಮೂರಿಗೆ ಸೈನ್ಯ ಬಂದ ಮೊದಲ ದಿನವೇ ಅರವತ್ತು ಜನ ಸಿಪಾಯಿಗಳು ನಮ್ಮ ನಮ್ಮ ಮನೆಗಳೊಳಗೆ ಸಿಕ್ಕಿಹಾಕಿಕೊಂಡರು. ಬೆಳಿಗ್ಗೆ ಆರಕ್ಕೆ ಊರನ್ನು ಸುತ್ತುವರಿದು, ಮನೆಗೆ ಇಬ್ಬರಂತೆ ನುಗ್ಗಿ, ಹತ್ತು ನಿಮಿಷ ಹುಡುಕಿ ಹೊರಗೆ ಬರಬೇಕು ಎಂದು ಅವರ ನಿಯಮಗಳ ಪುಸ್ತಕದಲ್ಲಿ ಬರೆದಿತ್ತಂತೆ. ನುಗ್ಗುವುದೇನೋ ಚೆನ್ನಾಗಿಯೇ ನುಗ್ಗಿದರು. ಆದರೆ ನಮ್ಮೂರಿನಲ್ಲಿ ಹೊರಗಿನವರು ಯಾರ ಮನೆಯ ಹೊಸಿಲು ದಾಟಿ ಒಳಗೆ ಬಂದರೂ ಆ ಮನೆಯದೊಂದು ಕೆಲಸ ಮಾಡಿಕೊಡದೆ ಹೊರಗೆ ಹೋಗಲಾಗುವುದಿಲ್ಲ. ಕಾಲು ಹೊಸಿಲಿನ ಹತ್ತಿರ ಬಂದು ನಿಂತುಬಿಡುತ್ತದೆ, ಅಷ್ಟೆ. ಪುಸ್ತಕ ಬರೆದವರಿಗೆ ಇದು ಗೊತ್ತಿರಲಿಲ್ಲ. ಸಂಜೆಯವರೆಗೂ ಕಮಾಂಡರ್ ಸಾಹೇಬರು ಬೀದಿಯಲ್ಲಿ ನಿಂತು ಸೀಟಿ ಊದಿದರು. ನಮ್ಮ ಮನೆಯಲ್ಲಿ ಸಿಕ್ಕಿಕೊಂಡಿದ್ದ ಇಬ್ಬರು ಬಾಗಿಲಲ್ಲಿ ನಿಂತು ಅಳುವ ಹಾಗಾಗಿದ್ದರು. ನಾನೇ ಕನಿಕರಪಟ್ಟು ಕೈಗೊಂದಿಷ್ಟು ಹುಣಸೆಹಣ್ಣು ಕೊಟ್ಟು ತಾಮ್ರದ ಹಂಡೆ ತೋರಿಸಿದೆ. ಉಜ್ಜಿದರು, ಹೋದರು.

ನನ್ನ ಹೆಸರು ಹೊಂಬಾಳಮ್ಮ. ಮದುವೆ ಮುಂಜಿಗಳಿಗೆ ಹಂಡೆ, ಕೊಳಗ, ಜಮಖಾನ ಬಾಡಿಗೆಗೆ ಕೊಡುವುದು ನನ್ನ ಕಸುಬು. ಹಾಗಾಗಿ ನಮ್ಮ ಮನೆಗೆ ಬಂದವರಿಗೆ ಕೆಲಸಕ್ಕೆ ಎಂದೂ ಬರವಿರಲಿಲ್ಲ.

ಇನ್ನೆರಡು ಮಾತು ಹೇಳಿಬಿಡುತ್ತೇನೆ. ಬೇಕೆಂದೇ ನೀರು ಚೆಲ್ಲಿ ಒರೆಸಿದರೆ ನಮ್ಮ ಬಾಗಿಲುಗಳು ಒಪ್ಪುವುದಿಲ್ಲ. ಮನೆಯಲ್ಲಿ ನಿಜವಾಗಿ ಉಳಿದ ಕೆಲಸವೇ ಆಗಬೇಕು. ಮನೆಯವರಿಗೆ ಈ ಕಟ್ಟಳೆ ಇಲ್ಲ. ಆದರೆ ಯಾರು ಮನೆಯವರು, ಯಾರು ಅಲ್ಲ ಎಂಬುದನ್ನು ಬಾಗಿಲೇ ತೀರ್ಮಾನಿಸುತ್ತದೆ. ಮದುವೆಯಾಗಿ ಹೋದ ಮಗಳು ಒಂದು ಸಲ ತವರಿಗೆ ಬಂದವಳು ಹೊರಡುವಾಗ ಹೊಸಿಲಲ್ಲಿ ತಡೆದು ನಿಲ್ಲುತ್ತಾಳೆ. ತಾಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಅವಳ ಕೈಗೆ ಪೊರಕೆ ಕೊಡುತ್ತಾಳೆ. ಗಂಡ ತೀರಿಕೊಂಡ ಮೇಲೆ ತವರಿಗೆ ವಾಪಸು ಬಂದ ನನಗೆ ಈ ಬಾಗಿಲು ಎರಡು ತಿಂಗಳು ಕಾಟ ಕೊಟ್ಟು ಆಮೇಲೊಂದು ದಿನ ಸುಮ್ಮನೆ ಬಿಟ್ಟಿತು. ಯಾಕೆ ಬಿಟ್ಟಿತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಸೈನ್ಯ ಬಂದದ್ದು ಗುಡ್ಡದವರನ್ನು ಹಿಡಿಯುವುದಕ್ಕೆ. ನಮ್ಮ ಮೇಲಿನ ಗುಡ್ಡವನ್ನು ಕಲ್ಲುಗಣಿಗೆ ಕೊಟ್ಟು ದನ ಮೇಯುವ ಜಾಗಕ್ಕೆ ಬೇಲಿ ಹಾಕಿದಾಗ ಮೂವತ್ತು ಜನ ಹುಡುಗರು ಬಂದೂಕು ಹಿಡಿದು ಅಲ್ಲಿಗೆ ಹತ್ತಿ ಕೂತರು. ಅದರಲ್ಲಿ ನನ್ನ ತಮ್ಮ ಬೋರಲಿಂಗನೂ ಒಬ್ಬ. ಅವನಿಗೆ ಏಳು ವರ್ಷವಿದ್ದಾಗಿನಿಂದ ಸಾಕಿದವಳು ನಾನು. ಎರಡು ಮೂರು ತಿಂಗಳಿಗೊಮ್ಮೆ ಬಾಡಿಗೆ ಸಾಮಾನು ಹೊತ್ತ ಕೂಲಿಯವನ ಹಾಗೆ ಹಾಡುಹಗಲೇ ಮನೆಗೆ ಬಂದು ಹೋಗುತ್ತಿದ್ದ. ಗುಡ್ಡ ಹತ್ತಿದ ಒಂದು ವರ್ಷಕ್ಕೆ, ಹಾಗೆ ಬಂದವನು ಹೊರಡಲು ಎದ್ದಾಗ ಬಾಗಿಲು ಅವನನ್ನು ತಡೆಯಿತು. ಅವನು ನನ್ನ ಮುಖ ನೋಡಿದ. ನಾನು ನೋಡದವಳ ಹಾಗೆ ಕೊಡ ಕೊಟ್ಟು, ನೀರು ಸೇದಿ ಹಾಕು ಎಂದೆ. ಅವತ್ತು ನನಗಾದ ಸಂಕಟ ಯಾರಿಗೂ ಬೇಡ. ಅಂದಿನಿಂದ ನನಗೆ ಬೇಕಾಗಿದ್ದು ಒಂದೇ: ಅವನು ಜೀವಸಹಿತ ಇಳಿದು ಬರಬೇಕು, ಈ ಮನೆಯವನಾಗಬೇಕು. ಸೈನ್ಯದ ಪುಸ್ತಕದಲ್ಲಿ ಮಾತ್ರ, ಗುಡ್ಡದವನು ಮನೆಯಿಂದ ಹೊರಬಂದು ಓಡಿದರೆ ಗುಂಡು ಹಾರಿಸಿ ಎಂದಿತ್ತು.

ಮೊದಲನೆಯ ಕಮಾಂಡರು ಗೋಡೆ ಒಡೆಸಿ ನೋಡಿದರು. ಗೋಡೆಯ ತೂತಿನಲ್ಲಿ ಒಳಗೆ ಹೋದವರು ತೂತಿನಲ್ಲೂ ಹೊರಗೆ ಬರಲಾಗದೆ, ಕೊನೆಗೆ ಅದೇ ಗೋಡೆ ಕಟ್ಟಿಕೊಟ್ಟು ಬಂದರು. ಎರಡನೆಯವರು, ಯಾರೂ ಮನೆಗಳೊಳಗೆ ಹೋಗಕೂಡದು, ಊರವರನ್ನೇ ಮೈದಾನಕ್ಕೆ ಕರೆಸಿ ಎಂದರು. ನಾವು ಮೈದಾನದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರೆ ಗುಡ್ಡದ ಹುಡುಗರು ನಮ್ಮ ಮನೆಗಳಲ್ಲಿ ನಿಶ್ಚಿಂತೆಯಿಂದ ಉಂಡು, ಒಲೆ ಸಾರಿಸಿ ಹೋಗುತ್ತಿದ್ದರು. ಮೂರನೆಯವರಾಗಿ ಬಂದರು ಮೇಜರ್ ಪದ್ಮರಾಜ. ಇವರನ್ನು ಕಳಿಸಿದ್ದು ಹೊಸ ಪುಸ್ತಕ ಬರೆಯುವುದಕ್ಕೆಂದೇ. ಬಯಲಿನ ಯುದ್ಧಕ್ಕೆ ಬರೆದ ಪುಸ್ತಕ ಊರೊಳಗೆ ನಡೆಯುವುದಿಲ್ಲ ಎಂಬುದು ಅಷ್ಟು ಹೊತ್ತಿಗೆ ಕೇಂದ್ರ ಕಛೇರಿಗೂ ತಿಳಿದಿತ್ತು.

ಮೇಜರು ತೆಳ್ಳಗೆ, ಕನ್ನಡಕ ಹಾಕಿಕೊಂಡು, ಸೈನಿಕರಿಗಿಂತ ಹೆಚ್ಚಾಗಿ ಶಾಲೆಯ ಮೇಷ್ಟ್ರ ಹಾಗಿದ್ದರು. ಹಳೆಯ ಛತ್ರದಲ್ಲಿ ಒಂದು ಟೈಪ್‌ರೈಟರ್ ಇಟ್ಟುಕೊಂಡು ಕೂತರು. ದಿನಾ ಸಂಜೆ ಸಿಪಾಯಿಗಳನ್ನೆಲ್ಲ ಜಗುಲಿಯಲ್ಲಿ ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದರು: "ಇವತ್ತು ನಾವು ಮಾಡಿದ ತಪ್ಪು ಏನು?" ಮೊದಮೊದಲು ಯಾರೂ ಬಾಯಿ ಬಿಡುತ್ತಿರಲಿಲ್ಲ. ಹವಾಲ್ದಾರ್ ಚೆಲುವಯ್ಯ ಒಂದು ದಿನ ಧೈರ್ಯ ಮಾಡಿ, "ಸರ್, ರಾಗಿ ಬೀಸೋಕೆ ಬರ್ದೆ ಇರೋದೇ ತಪ್ಪು. ಮೂರು ಗಂಟೆ ಆಯ್ತು" ಎಂದ. ಮೇಜರು ನಗಲಿಲ್ಲ. ಬರೆದುಕೊಂಡರು. ಮಾರನೇ ದಿನವೇ ಕೆಲಸ ಕಲಿಯುವ ತರಬೇತಿ ಶುರುವಾಯಿತು. ಬೀಸುವುದು, ಕುಟ್ಟುವುದು, ಗುಂಡಿ ಹೊಲಿಯುವುದು, ಹಟ ಹಿಡಿದ ಮಗುವನ್ನು ಮಲಗಿಸುವುದು. ಒಂದು ತಿಂಗಳಲ್ಲಿ ಸಿಪಾಯಿಗಳು ಹತ್ತು ನಿಮಿಷಕ್ಕೆ ಒಂದು ಮನೆ ಹುಡುಕಿ, ಕೆಲಸ ಮುಗಿಸಿ, ಹೊರಗೆ ಬರುತ್ತಿದ್ದರು.

ಅದು ನಮ್ಮೂರ ಹೆಂಗಸರ ಸುಗ್ಗಿಕಾಲ. ತಪಾಸಣೆಯ ವಾರ ಯಾವುದೆಂದು ಗೊತ್ತಾದರೆ ಸಾಕು, ನಾಲ್ಕು ದಿನದ ಕೆಲಸ ಒಟ್ಟು ಹಾಕಿಕೊಂಡು ಕೂರುತ್ತಿದ್ದೆವು. ನನ್ನ ಹಂಡೆಗಳು ಅಷ್ಟು ಫಳಫಳ ಹೊಳೆದದ್ದು ನನ್ನ ತಾಯಿಯ ಕಾಲದಲ್ಲೂ ಇಲ್ಲ. ಮೇಜರೂ ಒಂದು ದಿನ ಮೆಸ್ಸಿಗೆ ಕೊಳಗ ಬೇಕೆಂದು ಬಂದು ನಮ್ಮ ಮನೆಯಲ್ಲಿ ಸಿಕ್ಕಿಕೊಂಡರು. ಅಕ್ಕಿ ಆರಿಸಲು ಕೊಟ್ಟೆ. ಒಂದೊಂದು ಕಲ್ಲನ್ನೂ ಸಾಲಾಗಿ ಜೋಡಿಸುತ್ತಾ ಕೂತರು. ಆ ಮನುಷ್ಯ ಕೇಳುವ ರೀತಿ ಹೇಗಿತ್ತೆಂದರೆ, ಯಾರಿಗಾದರೂ ಮಾತಾಡಬೇಕು ಅನಿಸುತ್ತಿತ್ತು. ನನಗೋ ಮೊದಲೇ ನಾಲಿಗೆ ಉದ್ದ.

"ಕೆಲಸಾನೇ ಉಳೀದೆ ಇದ್ರೆ ಏನಾಗ್ತದಮ್ಮ?" ಎಂದು ಕೇಳಿದರು.

"ಅಯ್ಯೋ, ಅದೊಂದು ದೊಡ್ಡ ತಮಾಷೆ ಸ್ವಾಮಿ" ಎಂದು ಶುರು ಮಾಡಿಯೇಬಿಟ್ಟೆ. "ನಮ್ಮ ಚಿಕ್ಕಮ್ಮನ ಮನೇಲಿ ಹೆಣ್ಣು ನೋಡೋಕೆ ಬರ್ತಾರೆ ಅಂತ ಬೆಳಗಾಗೋಕೆ ಮುಂಚೆನೇ ಎಲ್ಲಾ ಕೆಲಸ ಮುಗ್ಸಿ ಕುಂತ್ಬಿಟ್ಟಿದ್ರು. ಬಂದೋರು ಹನ್ನೊಂದು ಜನ. ಹೊರಡೋಣ ಅಂದ್ರೆ ಮಾಡೋಕೆ ಕೆಲಸ ಬೇಕಲ್ಲ! ಒಂದು ಕಡ್ಡಿ ಎತ್ತಿಡೋದೂ ಇಲ್ಲ. ಸಾಯಂಕಾಲ ಹಸು ಕರೆಯೋ ತನಕ ಹಂಗೇ ಮುಖ ಮುಖ ನೋಡ್ಕೊಂಡು ಕುಂತಿದ್ರು. ಆ ಹುಡುಗೀನೇ ಒಪ್ಕೊಂಡ್ರು, ಬೇರೆ ದಾರಿ ಇಲ್ದೆ."

ನಾನು ನಕ್ಕೆ. ಮೇಜರು ಕೈಯಲ್ಲಿದ್ದ ಅಕ್ಕಿ ಹಾಗೇ ಹಿಡಿದುಕೊಂಡು ಗೋಡೆ ನೋಡುತ್ತಿದ್ದರು. ಅವರು ಹೋಗಿ ಎಷ್ಟೋ ಹೊತ್ತಾದ ಮೇಲೆ ನಾನು ಏನು ಹೇಳಿಬಿಟ್ಟೆ ಎಂಬುದು ಹೊಳೆಯಿತು. ಗುಡ್ಡದ ಹುಡುಗರೂ ಈಗ ಈ ಬಾಗಿಲುಗಳಿಗೆ ಹೊರಗಿನವರೇ ತಾನೆ.

ಆ ಶನಿವಾರ ಬೆಳಿಗ್ಗೆ ಸೈನ್ಯ ಊರಿನ ಪ್ರತಿ ಮನೆಗೂ ನುಗ್ಗಿತು. ಹುಡುಕಲಿಲ್ಲ, ಕೆಲಸ ಮಾಡಿತು. ಮನೆಗೆ ನಾಲ್ವರಂತೆ, ಒಬ್ಬರಾದ ಮೇಲೊಬ್ಬರು. ಬಟ್ಟೆ ಒಗೆದು ಒಣಗಿಸಿ ಮಡಿಸಿಟ್ಟರು, ಸೌದೆ ಒಡೆದರು, ಹೆಂಚು ಸರಿಮಾಡಿದರು, ಅಡಿಗೆ ಮಾಡಿ ಮುಸುರೆ ತೊಳೆದು ನೆಲ ಸಾರಿಸಿದರು. ಅಡಿಗೆ ಆಗಿತ್ತು, ಉಣ್ಣುವುದಷ್ಟೇ ಬಾಕಿ. ಪಕ್ಕದ ಮನೆಯವರೆಲ್ಲ ಸಂತೋಷದಿಂದ ಜಗುಲಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ನಾನು ಮಾತ್ರ ಒಳಗೂ ಹೊರಗೂ ತಿರುಗುತ್ತಿದ್ದೆ. ಇವತ್ತೊಂದು ದಿನ ನನ್ನ ತಮ್ಮ ಲಿಂಗ ಬಾರದಿರಲಿ ಎಂದು ಇದ್ದ ದೇವರಿಗೆಲ್ಲ ಕೈಮುಗಿದೆ.

ಮಧ್ಯಾಹ್ನ ಒಂದು ಗಂಟೆಗೆ ತಲೆಯ ಮೇಲೆ ಜಮಖಾನ ಹೊತ್ತುಕೊಂಡು ಬಂದ. ಮೇಲಿನ ಕೇರಿಯ ಮದುವೆ ಮನೆಯಿಂದ ವಾಪಸು ಬರಬೇಕಿದ್ದ ದೊಡ್ಡ ಜಮಖಾನ, ಇಪ್ಪತ್ತು ಮೊಳದ್ದು. ದಾರಿಯಲ್ಲಿ ಹಳ್ಳ ದಾಟುವಾಗ ಕಾಲು ಜಾರಿ ಅದರ ಸಮೇತ ನೀರಿಗೆ ಬಿದ್ದಿದ್ದನಂತೆ. ಅವನಿಂದಲೂ ಜಮಖಾನದಿಂದಲೂ ನೀರು ಸುರಿಯುತ್ತಿತ್ತು. ಬರಬೇಡ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಬಂದುಬಿಟ್ಟಿದ್ದ.

"ಅದ್ಯಾಕ್ ಬಂದ್ಯೋ ಇವತ್ತು! ಮನೇಲಿ ಕೆಲಸ ಇಲ್ವೋ!" ಎಂದೆ.

"ಕೆಲಸ ಇಲ್ವ? ನಿನ್ನ ಮನೇಲಾ?" ಎಂದು ನಗುತ್ತಾ ಹೊಸಿಲಿಗೆ ಹೋದ. ಕಾಲು ನಿಂತಿತು. ಮತ್ತೆ ನಗಲಿಲ್ಲ.

ಉಳಿದದ್ದು ಆ ಒದ್ದೆ ಜಮಖಾನವೊಂದೇ; ಅದನ್ನು ಹಿಂಡುವ ತನಕ ನೆಲ ಒರೆಸಿದರೂ ಮುಗಿಯದು, ಹೊರಗೆ ಹೋಗಲೆಂದೇ ಉಂಡು ತಟ್ಟೆ ತೊಳೆದರೆ ಬಾಗಿಲು ಒಪ್ಪದು. ಅವನು ಬೇಕೆಂದು ಒದ್ದೆ ಮಾಡಿದ್ದಲ್ಲ, ಹಾಗಾಗಿ ಅದು ನಿಜವಾದ ಕೆಲಸವೇ. ಆದರೆ ಅಂಥ ಜಮಖಾನ ಹಿಂಡುವುದು ಇಬ್ಬರ ಕೆಲಸ. ಒಂದು ತುದಿ ಅವನು ಹಿಡಿದ, ಇನ್ನೊಂದು ನಾನು. ಹಿಂದಿನ ತಿಂಗಳು ಕೊಳಗ ಬಿದ್ದು ನನ್ನ ಬಲಗೈ ಮಣಿಕಟ್ಟು ಊದಿಕೊಂಡಿತ್ತು. ಒಂದು ಸುತ್ತು ತಿರುಗಿಸುವಷ್ಟರಲ್ಲಿ ಕೈಬಿಟ್ಟೆ. ಮತ್ತೆ ಹಿಡಿದೆ, ಮತ್ತೆ ಬಿಟ್ಟೆ. ಅಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಒಳಗೆ ಹೋದ ಕೂಲಿಯವನು ಇನ್ನೂ ಹೊರಗೆ ಬಂದಿಲ್ಲ ಎಂಬುದನ್ನು ಬೀದಿಯ ತುದಿಯಲ್ಲಿ ನಿಂತಿದ್ದ ಚೆಲುವಯ್ಯ ಲೆಕ್ಕ ಹಾಕಿದ್ದ. ಕಿಟಕಿಯಿಂದ ನೋಡಿದರೆ ಹನ್ನೆರಡು ಬಂದೂಕು ನಮ್ಮ ಬಾಗಿಲಿಗೆ ಗುರಿಯಿಟ್ಟಿದ್ದವು.

ಲಿಂಗನ ಸೊಂಟದಲ್ಲಿ ಒಂದು ನಾಡ ಪಿಸ್ತೂಲಿತ್ತು. ಅದನ್ನು ಕಿತ್ತುಕೊಂಡು ಅಕ್ಕಿ ಡಬ್ಬದೊಳಗೆ ಹಾಕಿದೆ. ಬಾಗಿಲಿಗೆ ಹೋದೆ. ಮೇಜರು ಬೀದಿಯಲ್ಲಿ ಕಾಗದದ ಕಟ್ಟು ಹಿಡಿದು ನಿಂತಿದ್ದರು. ಮುಖದಲ್ಲಿ ಗೆದ್ದ ಖುಷಿಯೇನೂ ಕಾಣಲಿಲ್ಲ.

"ಸ್ವಾಮಿ, ನಿಮ್ಮ ಪುಸ್ತಕದಾಗೆ ಮುಂದಕ್ಕೆ ಏನಂತ ಬರ್ದಿದ್ದೀರಿ?"

ಅವರು ಹಾಳೆ ತಿರುವಿದರು. "ಒಳಗೆ ಬಂದವನು ಹೊರಗೆ ಹೋಗದ ಹಾಗೆ ಮಾಡುವುದರವರೆಗೆ ಬರೆದಿದ್ದೇನೆ. ಮುಂದಿನದು ಇನ್ನೂ ಬರೆದಿಲ್ಲ."

"ಹಳೇ ಪುಸ್ತಕದಾಗೆ?"

ಅದರಲ್ಲಿ ಗುಂಡು ಹಾರಿಸಿ ಎಂದಿತ್ತು. ಇಬ್ಬರಿಗೂ ಗೊತ್ತಿತ್ತು.

"ಅವ್ನು ನನ್ನ ತಮ್ಮ. ಕೈಯಾಗೆ ಏನೂ ಇಲ್ಲ. ಒಳಗ್ ಬನ್ನಿ ಸ್ವಾಮಿ, ಒಂದು ಜಮಖಾನ ಹಿಂಡಬೇಕು. ನನ್ ಕೈಲಿ ಆಗ್ತಿಲ್ಲ" ಎಂದೆ. ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು.

ಚೆಲುವಯ್ಯ ಬೇಡ ಸರ್ ಎಂದ. ಮೇಜರು ತಮ್ಮ ಪಿಸ್ತೂಲು ಬಿಚ್ಚಿ ಅವನ ಕೈಗೆ ಕೊಟ್ಟು, ಬೂಟು ಕಳಚಿ, ಕಾಗದದ ಕಟ್ಟನ್ನು ಜಗುಲಿಯ ಮೇಲಿಟ್ಟು ಒಳಗೆ ಬಂದರು. ಈಗ ಅವರೂ ನಮ್ಮ ಮನೆಯಲ್ಲಿ ಸಿಕ್ಕಿಕೊಂಡ ಹಾಗಾಯಿತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಲಿಂಗ ಜಮಖಾನದ ಒಂದು ತುದಿ ಅವರ ಕಡೆ ಎಸೆದ. ತಿರುಗಿಸಲು ಶುರು ಮಾಡಿದರು. ಎಷ್ಟು ತಿರುಗಿಸಿದರೂ ಜಮಖಾನ ಹೊರಳುತ್ತಿತ್ತೇ ಹೊರತು ಒಂದು ಹನಿ ನೀರು ಬೀಳಲಿಲ್ಲ.

"ನೀವು ಸರಿಯಾಗಿ ತಿರುಗಿಸ್ತಿಲ್ಲ" ಎಂದ ಲಿಂಗ.

"ನಾನು ಬಲಕ್ಕೆ ತಿರುಗಿಸುತ್ತಿದ್ದೇನೆ. ನೀನು ಎಡಕ್ಕೆ ತಿರುಗಿಸುತ್ತಿದ್ದೀಯ."

"ನಾನ್ಯಾಕೆ ನಿಮ್ಮ ಮಾತು ಕೇಳಿ ಬಲಕ್ಕೆ ತಿರುಗಿಸ್ಲಿ?"

"ಇಬ್ರೂ ಅವರವರ ಬಲಕ್ಕೆ ತಿರುಗ್ಸಿ! ಹೆಣ್ಮಕ್ಕಳ ಹತ್ರ ಒಂದ್ಸಲ ಕೇಳಿದ್ರೆ ಗಂಟೇನು ಹೋಗ್ತದೆ?" ಎಂದು ನಾನು ಗದರಿದೆ. ಇಬ್ಬರೂ ಬಲಕ್ಕೆ ತಿರುಗಿಸಿದರು. ನೀರು ಧಾರಾಕಾರ ಸುರಿಯಿತು. ಮೇಜರ ಪ್ಯಾಂಟೆಲ್ಲ ಒದ್ದೆಯಾಯಿತು. ಹಿಂಡುತ್ತಾ ಹಿಂಡುತ್ತಾ ಮೇಜರು, ಗುಡ್ಡದಲ್ಲಿ ಏನು ಉಣ್ಣುತ್ತೀರಿ, ಯಾಕೆ ಹೋದೆ ಎಂದು ಕೇಳಿದರು. ಲಿಂಗ ಗಣಿಯ ವಿಷಯ ಹೇಳಿದ. ಸಿಡಿಮದ್ದಿನ ಸದ್ದಿಗೆ ನಮ್ಮ ಎರಡು ಹಸು ತಿಂಗಳು ತುಂಬುವ ಮೊದಲೇ ಕಂದು ಹಾಕಿದ್ದನ್ನು ಹೇಳಿದ. ಇದನ್ನು ಅವನು ಯಾರಿಗಾದರೂ ಹೇಳುವುದನ್ನು ನಾನು ಕೇಳಿದ್ದು ಅದೇ ಮೊದಲು.

ಹಿಂಡಿ ಮುಗಿಸಿ, ಒಣಗಿಸಲು ಹೆಗಲಿನ ಮೇಲೆ ಹೊತ್ತುಕೊಂಡು ಇಬ್ಬರೂ ಜೊತೆಗೇ ಹೊಸಿಲು ದಾಟಿದರು. ಮುಂದೆ ಮೇಜರು, ಹಿಂದೆ ಲಿಂಗ, ನಡುವೆ ಇಪ್ಪತ್ತು ಮೊಳದ ಜಮಖಾನ. ಯಾರ ಬಂದೂಕೂ ಹಾರಲಿಲ್ಲ. ಕಾಂಪೌಂಡಿನ ಗೋಡೆಯ ಮೇಲೆ ಅದನ್ನು ಹರವಿದ ಮೇಲೆ ಲಿಂಗನನ್ನು ಕರೆದುಕೊಂಡು ಹೋದರು. ನಾನೇ ಅಕ್ಕಿ ಡಬ್ಬದಿಂದ ಪಿಸ್ತೂಲು ತೆಗೆದು ಚೆಲುವಯ್ಯನಿಗೆ ಕೊಟ್ಟೆ. ಮಾಡಿದ ಅಡಿಗೆ ಹಾಗೇ ಇತ್ತು. ಅವನು ಒಂದು ತುತ್ತೂ ಉಂಡಿರಲಿಲ್ಲ. ಆದರೂ ಬದುಕಿದ್ದಾನೆ ಎಂದುಕೊಂಡು ನಾನು ಹೊಟ್ಟೆ ತುಂಬಾ ಉಂಡೆ.

ನಾಲ್ಕು ತಿಂಗಳು ಅವನನ್ನು ಛತ್ರದಲ್ಲೇ ಇಟ್ಟುಕೊಂಡರು. ಮೇಜರು ಬರೆಯುತ್ತಿದ್ದರು. ಒಳಗಿದ್ದವನನ್ನು ಹೊರಗೆ ಕರೆತರುವ ಅಧ್ಯಾಯ ಬರೆದರು: ಅಧಿಕಾರಿ ಒಬ್ಬನೇ ಹೋಗತಕ್ಕದ್ದು, ಬರಿಗೈಯಲ್ಲಿ ಹೋಗತಕ್ಕದ್ದು, ಒಳಗಿರುವವನ ಜೊತೆ ಸೇರಿ ಮಾಡುವಂಥ ಕೆಲಸ ಮಾಡತಕ್ಕದ್ದು. ಕಲ್ಲುಗಣಿಯ ಬಗ್ಗೆಯೂ ಒಂದು ಅಧ್ಯಾಯ ಬರೆದರು. ಇದು ಸೈನ್ಯಕ್ಕೆ ಸಂಬಂಧಿಸಿದ್ದಲ್ಲವೆಂದು ಕೇಂದ್ರ ಕಛೇರಿಯವರು ಅದನ್ನು ಕಿತ್ತು ವಾಪಸು ಕಳಿಸಿದರು. ಮೇಜರು ಮತ್ತೆ ಟೈಪ್ ಮಾಡಿ ಸೇರಿಸಿ ಕಳಿಸಿದರು. ಹೀಗೆ ಐದು ಸಲ ಆಯಿತಂತೆ. ಆರನೇ ಸಲಕ್ಕೆ ಯಾರೋ ಅದನ್ನು ಓದಿರಬೇಕು, ಗಣಿಯ ಸಿಡಿಮದ್ದು ನಿಂತಿತು, ಬೇಲಿ ಅರ್ಧ ಹಿಂದಕ್ಕೆ ಹೋಯಿತು. ಗುಡ್ಡದಿಂದ ಇನ್ನೂ ಹದಿನಾಲ್ಕು ಹುಡುಗರು ಇಳಿದು ಬಂದರು.

ಕೊನೆಯ ಅಧ್ಯಾಯಕ್ಕೇ ತಕರಾರು. ಇಳಿದು ಬಂದವನು ನಿಜವಾಗಿ ವಾಪಸು ಬಂದಿದ್ದಾನೆಂದು ನಂಬುವುದು ಹೇಗೆ? ಕಛೇರಿಯವರು ಮುಚ್ಚಳಿಕೆ ಬರೆಸಿ ಎಂದರು, ಪ್ರಮಾಣ ಮಾಡಿಸಿ ಎಂದರು. ಇಲ್ಲಿಯ ಬಾಗಿಲಿಗೆ ಅದು ಗೊತ್ತಾಗುತ್ತದೆ ಎಂದು ಮೇಜರು ಬರೆದರು. ಕೊನೆಗೆ ಒಂದು ಸಲ ಪರೀಕ್ಷೆ ಮಾಡಿ ಎಂದು ಅಪ್ಪಣೆ ಬಂತು. ಬೋರಲಿಂಗ ಮನೆಗೆ ಬರಬೇಕು, ಉಣ್ಣಬೇಕು, ಯಾವ ಕೆಲಸವನ್ನೂ ಮಾಡದೆ ಹೊಸಿಲು ದಾಟಬೇಕು. ದಾಟಿದರೆ ಬಿಡುಗಡೆ. ಬಾಗಿಲು ತಡೆದರೆ ಮೂರು ವರ್ಷ ಜಿಲ್ಲಾ ಜೈಲು.

ಅವರು ಬಂದ ದಿನ ನಾನು ಬೆಳಗಿನಿಂದ ಹೊಸಿಲನ್ನು ಎರಡು ಸಲ ತೊಳೆದಿದ್ದೆ. ಲಿಂಗ ಸ್ನಾನ ಮಾಡಿ ಬೇರೆ ಅಂಗಿ ಹಾಕಿಕೊಂಡು, ನೆಂಟರ ಮನೆಗೆ ಬಂದವನ ಹಾಗೆ ಗೋಡೆಗೆ ಒರಗದೆ ಕೂತ. "ಚೆನ್ನಾಗಿದ್ದೀಯಾ ಅಕ್ಕ" ಎಂದು ಕೇಳಿದ. ನನಗೆ ಅಲ್ಲೇ ಅರ್ಧ ಪ್ರಾಣ ಹೋಯಿತು. ಮನೆಯವರು ಯಾರಾದರೂ ಹಾಗೆ ಕೇಳುತ್ತಾರೆಯೇ? ಪಕ್ಕದಲ್ಲಿ ಮೇಜರು, ಅವರ ಪಕ್ಕದಲ್ಲಿ ಚೆಲುವಯ್ಯ, ಮೂವರಿಗೂ ಬಡಿಸಿದೆ. ಹುರುಳಿ ಕಟ್ಟಿನ ಸಾರು, ಮುದ್ದೆ. ಲಿಂಗ ತಲೆ ಬಗ್ಗಿಸಿ ಉಣ್ಣುತ್ತಿದ್ದ.

ಸುಮ್ಮನಿರಲಾಗದೆ ನಾನೇ, "ಚೆಲುವಯ್ಯೋರೇ, ಸೈಕಲ್ ಹೊರಗೆ ಬಿಸಿಲಲ್ಲಿ ನಿಲ್ಲಿಸ್ಬಿಟ್ರಲ್ಲ, ಟೈರು ಹೋಗ್ತದೆ" ಎಂದೆ.

ಲಿಂಗ ತಲೆ ಎತ್ತಿದ. "ಯಾವ ಸೈಕಲ್?"

"ನಿಂದೇ ಕಣೋ. ಸುಮ್ನೆ ತುಕ್ಕು ಹಿಡೀತಿತ್ತು. ಅವ್ರಿಗೆ ಓಡಾಡೋಕೆ ಇರ್ಲಿ ಅಂತ ಕೊಟ್ಟೆ."

"ನನ್ ಸೈಕಲ್ಲ? ನನ್ನ ಒಂದ್ ಮಾತು ಕೇಳ್ದೆ?"

"ನಿನ್ನ ಎಲ್ಲಿ ಅಂತ ಕೇಳ್ಲೋ? ಗುಡ್ಡ ಹತ್ಕೊಂಡು ಬಂದು ಕೇಳ್ಬೇಕಿತ್ತಾ?"

"ನಿಂದು ಯಾವಾಗ್ಲೂ ಇದೇ ಆಯ್ತು! ನನ್ ಗಾಳಿಪಟಾನೂ ಹಿಂಗೇ ಕೊಟ್ಟಿದ್ದೆ, ನನ್ ಸ್ವೆಟರ್ರೂ ಕೊಟ್ಟಿದ್ದೆ!"

"ಆ ಸ್ವೆಟರ್ ನಿನ್ನ ಮೊಣಕೈಗೂ ಬರ್ತಿರ್ಲಿಲ್ಲ, ಏನ್ ಪೂಜೆ ಮಾಡ್ಬೇಕಿತ್ತಾ ಅದನ್ನ?"

"ಸೀಟು ಎತ್ತರಿಸಿದ್ದೀರಾ?" ಎಂದು ಚೆಲುವಯ್ಯನ ಕಡೆ ತಿರುಗಿದ. ಚೆಲುವಯ್ಯ ಪಾಪ, ಬಾಯಲ್ಲಿ ಮುದ್ದೆ ಇಟ್ಟುಕೊಂಡು ಹೌದೆಂದು ತಲೆಯಾಡಿಸಿದ.

"ಸೀಟೂ ಎತ್ತರಿಸಿದ್ದಾರೆ! ಥೂ, ಈ ಮನೇಲಿ ಒಂದು ಸಾಮಾನು ಇಟ್ಟು ಹೋಗಂಗಿಲ್ಲ!" ಎಂದು ತಟ್ಟೆ ಮುಂದಕ್ಕೆ ತಳ್ಳಿ, ಎಂಜಲು ಕೈಯಲ್ಲೇ ಎದ್ದು ಧಡಧಡನೆ ಹೊರಗೆ ಹೋದ. ಬೀದಿಯಲ್ಲಿ ಸೈಕಲ್ಲಿನ ಸೀಟು ಬಡಿಯುವ ಸದ್ದು, "ಬ್ರೇಕೂ ಹಾಳು ಮಾಡಿದ್ದಾರೆ" ಎಂಬ ಕೂಗು ಕೇಳಿಸಿತು. "ತಟ್ಟೆ ಯಾರೋ ಎತ್ತೋದು, ನಿಮ್ಮಪ್ಪನಾ?" ಎಂದು ನಾನೂ ಅಷ್ಟೇ ಜೋರಾಗಿ ಕೂಗಿದೆ.

ಮೇಜರು ಹೊಸಿಲು ನೋಡುತ್ತಿದ್ದರು. ಚೆಲುವಯ್ಯ ಹೊಸಿಲು ನೋಡುತ್ತಿದ್ದ. ನಾನು ನೋಡಿದೆ. ಒಲೆಯ ಪಕ್ಕದಲ್ಲೇ ಕುಸಿದು ಕೂತು ನಗುವುದೋ ಅಳುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದೆ. ನನ್ನ ಜನ್ಮದಲ್ಲಿ ಅಷ್ಟು ಸಂತೋಷ ಮತ್ತೆ ಆಗಲಿಲ್ಲ.

ಮೇಜರು ಕನ್ನಡಕ ಒರೆಸಿಕೊಳ್ಳುತ್ತಾ, "ಅಮ್ಮಾ, ಇದನ್ನು ನಾನು ಪುಸ್ತಕದಲ್ಲಿ ಏನೆಂದು ಬರೆಯಲಿ?" ಎಂದು ಕೇಳಿದರು.

"ಅದನ್ನ ಆಮೇಲೆ ಬರೀರಿ ಸ್ವಾಮಿ. ಮೊದ್ಲು ಹೊರಗ್ ಹೋಗೋ ದಾರಿ ನೋಡ್ಕೊಳ್ಳಿ" ಎಂದೆ.

ಅವರು ಎದ್ದು ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಂಡರು. ತಮ್ಮ ತಟ್ಟೆಯನ್ನು ಚೆಲುವಯ್ಯನಿಗೆ ಕೊಟ್ಟು, ಲಿಂಗ ಬಿಟ್ಟುಹೋದ ತಟ್ಟೆಯನ್ನು ತಾವೇ ಎತ್ತಿಕೊಂಡು ಹಿತ್ತಲ ಒಗೆಯುವ ಕಲ್ಲಿನ ಹತ್ತಿರ ಕೂತು ಬೂದಿ ಹಾಕಿ ತೊಳೆದರು.